ಮೊದಲ ಸಲ ನಾಟಕ ನೋಡೋರಿಗೆ ಯಾವುದು ತೋರಿಸಬೇಕು? ಕಲಬುರಗಿ ಕಡೆಯವರು ಹೇಳ್ರಿ

ಗಂಜ್ ರೋಡ್:

ಎಲ್ಲರಿಗೂ ನಮಸ್ಕಾರ್ರಿ. ಮನ್ಯಾಗ ನಾಲ್ಕು ಮಂದಿ ಅದಾರ, ಯಾರೂ ಇಲ್ಲಿತನಕ ಒಂದು ನಾಟಕ ಪೂರಾ ಕುಂತು ನೋಡಿಲ್ಲ. ಅತ್ತಿಯವರಿಗೆ 64 ವರ್ಷ. ಮಹಾಭಾರತ, ಶರಣರ ಕಥಿ ಎಲ್ಲಾ ಬಾಯಿಪಾಠ, ಆದ್ರ ಮೊಣಕಾಲು ನೋವು, ಎರಡು ತಾಸಿನ ಮ್ಯಾಲ ಕುಂದ್ರಲಿಕ್ಕ ಆಗಲ್ಲ. ಮನಿಯವರು ಸಿನಿಮಾ ಬಿಟ್ಟು ಬ್ಯಾರೆ ಏನೂ ನೋಡಂಗಿಲ್ಲ. ಮಗನಿಗೆ 9. ನಾದಿನಿ ಡಿಗ್ರಿ ಎರಡನೇ ವರ್ಷ, ಇಂಗ್ಲಿಷ್ ಮ್ಯೂಸಿಕಲ್ ಹಾಡು ದಿನಾ ಕೇಳ್ತಾಳ, ಮುಂಬೈಕ್ಕ ಹೋಗಿ ಒಂದಾದ್ರೂ ನೋಡಬೇಕು ಅಂತಾಳ.

ನನಗ ಮೂರು ದಾರಿ ಕಾಣ್ತಾವ. ಶರಣಬಸವೇಶ್ವರ ಜಾತ್ರಿಗೆ ಬರೂ ಕಂಪನಿ ನಾಟಕ, ಪಂಡಿತ ರಂಗಮಂದಿರದಾಗ ಆಗೂ ಹೊಸ ಕಾಲದ ನಾಟಕ, ಇಲ್ಲಾ ಹಳ್ಳ್ಯಾಗ ರಾತ್ರಿ ಪೂರಾ ನಡಿಯೂ ಬಯಲಾಟ. ಮೊದಲನೇದೇ ಬ್ಯಾಸರ ಆದ್ರ ಮತ್ತ ಯಾರೂ ಬರಂಗಿಲ್ಲ, ಅದಕ್ಕ ವಿಚಾರ ಮಾಡಿ ಆರಿಸಬೇಕು ಅಂತ. ಯಾವ ನಾಟಕ, ಎಲ್ಲಿ ಕುಂದ್ರಬೇಕು, ಹೋಗೂ ಮೊದಲ ಏನೇನು ವಿಚಾರಿಸಬೇಕು, ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಕಾಲಪೆಟಿಗಿ:

ಅಕ್ಕಾರ, ಮೊದಲ ಕಂಪನಿ ನಾಟಕಕ್ಕ ಹೋಗ್ರಿ. ಕಂಪನಿ ನಾಟಕ ಕಟ್ಟಿದ್ದೇ ನಾಟಕದ ರೂಢಿ ಇರಲಾರದ ಮಂದಿ ಸಲುವಾಗಿ. ಜಾತ್ರಿಗೆ ಬಂದವ ಒಂದು ಕೈಯಾಗ ಮಂಡಾಳ ಪೊಟ್ಟಣ ಹಿಡಕೊಂಡು ಒಳಗ ಬರ್ತಾನ, ಅವನನ್ನ ಐದು ನಿಮಿಷದಾಗ ಹಿಡದು ಕುಂದ್ರಸಬೇಕು. ಕಥಿ, ಹಾಡು, ನಗಿ, ಅಳು ಎಲ್ಲಾ ಆ ಲೆಕ್ಕದಾಗೇ ಜೋಡಿಸಿರ್ತಾರ. ಎರಡೂವರಿ ತಾಸು, ನಡುವ ವಿಶ್ರಾಂತಿ ಇದ್ದೇ ಇರ್ತದ, ಅತ್ತಿಯವರು ಎದ್ದು ನಾಲ್ಕು ಹೆಜ್ಜಿ ಅಡ್ಡಾಡಿ ಬರಬಹುದು.

ನಾಟಕದ ಹೆಸರಿಗಿಂತ ಮೊದಲ ನೋಡಬೇಕಾದದ್ದು, ಕಥಿ ನೋಡೋರಿಗೆ ಗೊತ್ತದನೋ ಇಲ್ಲೋ ಅಂತ. ಸಿನಿಮಾದಾಗ ಕ್ಯಾಮೆರಾ ನಿಮ್ಮ ಕಣ್ಣು ಹಿಡದು ಇಲ್ಲಿ ನೋಡು, ಅಲ್ಲಿ ನೋಡು ಅಂತದ. ರಂಗದ ಮ್ಯಾಲ ಆರು ಮಂದಿ ಒಮ್ಮೆಲೇ ನಿಂತಿರ್ತಾರ, ಯಾರನ್ನ ನೋಡಬೇಕು ಅಂತ ನೀವೇ ತೀರ್ಮಾನ ಮಾಡಬೇಕು. ಕಥಿ ಗೊತ್ತಿದ್ರ ಆ ಕಷ್ಟ ಅರ್ಧ ಇಳೀತದ. ಮನಿಯವರಿಗೆ ಸಿನಿಮಾ ಅಂದ್ರ ಪ್ರೀತಿ ಅಂದ್ರಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಬೋರ್ಡು ಎಲ್ಲೇ ಕಂಡ್ರೂ ಬಿಡಬ್ಯಾಡ್ರಿ. 1974ರಾಗ ರಾಜಕುಮಾರ್ ಎಮ್ಮಿ ಮ್ಯಾಲ ಕುಂತು ಹಾಡಿದ ಸಿನಿಮಾ ಇದೇ ನಾಟಕದಿಂದ ಬಂದದ್ದು. ತೆರಿ ಮ್ಯಾಲ ನೋಡಿದ್ದ ಜಗಳ ಹತ್ತು ಗಜ ದೂರದಾಗ ಖರೇ ಮನುಷ್ಯರು ಆಡೂದು ಕಂಡ್ರ ಅವರಿಗೆ ಮೊಬೈಲ್ ನೆನಪೇ ಆಗಂಗಿಲ್ಲ.

ಇನ್ನೊಂದು, ಪರದಿ ಹೆಂಗ ಕೆಲಸ ಮಾಡ್ತದ ಅಂತ ಹುಡುಗನಿಗೆ ಮೊದಲೇ ಹೇಳಿಡ್ರಿ. ರಂಗದ ಮುಂಭಾಗಕ್ಕ ರಸ್ತೆ ಪರದಿ ಅಂತ ಇರ್ತದ, ಓಣಿ, ಅಂಗಡಿ ಚಿತ್ರ ಬರದದ್ದು. ಅದರ ಮುಂದ ನಾಲ್ಕೈದು ಅಡಿ ಜಾಗ, ಅಷ್ಟೇ. ಸಾಹುಕಾರನ ಮನಿ ಸೀನು ಮುಗೀತದ, ಪರದಿ ಸರ್ರನೆ ಇಳೀತದ, ಹಾಸ್ಯದ ಜೋಡಿ ಅದರ ಮುಂದ ಬಂದು ನಿಲ್ತದ. ಅವರು ಹತ್ತು ನಿಮಿಷ ಜಗಳಾಡಿ, ಹಾಡಿ ನಗಸೂತನಕ ಹಿಂದ ಸೋಫಾ, ಮೆಟ್ಟಿಲು ಎಲ್ಲಾ ಎಳದು ಜೇಲು ನಿಲ್ಲಸ್ತಾರ. ಕಣ್ಣಿಟ್ಟು ನೋಡಿದ್ರ ಪರದಿ ಕೆಳಗಿನ ಸಂದಿನಾಗ ಬರಿಗಾಲು ಓಡಾಡೂದು ಕಾಣ್ತದ. ಹಾಸ್ಯದವ ಒಂದೇ ಮಾತು ತಿರುಗಿ ಮುರುಗಿ ಎಳೀಲಿಕತ್ಯಾನ ಅಂದ್ರ ಹಿಂದ ಸೆಟ್ಟು ಇನ್ನಾ ನಿಂತಿಲ್ಲ ಅಂತ ತಿಳೀರಿ. ಒಂಬತ್ತು ವರ್ಷದ ಹುಡುಗನಿಗೆ ಇದೊಂದು ಗೊತ್ತಿದ್ರ ಸಾಕು, ನಾಟಕದಷ್ಟೇ ಆಸಕ್ತಿಯಿಂದ ಆ ಸಂದು ನೋಡ್ತಾನ.

ಕುಂದ್ರೂ ಜಾಗ. ಮೊದಲ ಎರಡು ಸಾಲು ಬ್ಯಾಡ. ಸ್ಪೀಕರ್ ಡಬ್ಬಿ ರಂಗದ ಎರಡೂ ಬದಿಗೆ ಇಟ್ಟಿರ್ತಾರ, ಅತ್ತಿಯವರಿಗೆ ತಲಿ ನೋವು ಬರ್ತದ. ಭಾಳ ಹಿಂದ ಕುಂತ್ರ ಜಾತ್ರಿ ತೊಟ್ಟಿಲು, ಅಂಗಡಿ ಮೈಕ್ ಸಪ್ಪಳ ಒಳಗ ಬರ್ತದ, ಕಂಪನಿ ಥೇಟರಿನ ತಗಡಿನ ಗ್ವಾಡಿ ಅದನ್ನ ತಡಿಯಂಗಿಲ್ಲ. ನಾಲ್ಕನೇ ಸಾಲಿನಿಂದ ಎಂಟನೇ ಸಾಲಿನತನಕ ನಡುವಿನ ಜಾಗ ಹಿಡೀರಿ. ಪೆಟಿಗಿ (ಹಾರ್ಮೋನಿಯಂ) ಮಾಸ್ತರು, ತಬಲಾದವರು ಯಾವ ಬದಿಗೆ ಕುಂತಾರ ಅಂತ ನೋಡಿ, ಅವರ ಕೈ ಕಾಣೂ ಹಂಗ ಕುಂತ್ರ ಇನ್ನಾ ಚಲೋ. ನಟ ಒಂದು ಮಾತು ಮರತಾಗ ಪೆಟಿಗಿ ಹೆಂಗ ಒಂದು ಸ್ವರ ಹಿಡದು ಅವನನ್ನ ದಾಟಸ್ತದ ಅನ್ನೂದು ಅಲ್ಲಿಂದ ತಿಳೀತದ.

ಎಚ್ಚರ ಇರಬೇಕಾದ ಮಾತೂ ಅದ. ಈಗಿನ ಕೆಲವು ಕಂಪನಿಯವರು ಹಾಸ್ಯದ ಸೀನಿನಾಗ ದ್ವಂದ್ವಾರ್ಥದ ಮಾತು ಭಾಳ ಹಾಕ್ತಾರ. ಅತ್ತಿ, ಸೊಸಿ, ಹುಡುಗ ಒಂದೇ ಸಾಲಿನಾಗ ಕುಂತಾಗ ಮುಜುಗರ. ಟಿಕೆಟ್ ಕೊಡೂವನ ಹಂತ್ಯಾಕ “ಮನಿ ಮಂದಿ ಕರಕೊಂಡು ಬರ್ತೀವಿ, ಯಾವ ದಿನದ ನಾಟಕ ನೋಡಬೇಕು” ಅಂತ ಸೀದಾ ಕೇಳ್ರಿ. ಅವರು ಖರೆ ಹೇಳ್ತಾರ, ಮನಿ ಮಂದಿ ಎದ್ದು ಹೋದ್ರ ಅವರಿಗೂ ನಷ್ಟ.

ಆಟ ಸಾಮಾನ್ಯ ದಿನಕ್ಕೆರಡು, ಸಂಜಿ ಆರರ ಸುಮಾರಿಗೆ ಒಂದು, ರಾತ್ರಿ ಊಟ ಆದ ಮ್ಯಾಲ ಒಂದು. ತೇರು ಹೋಳಿ ಆದ ಐದನೇ ದಿನ, ಅಂದ್ರ ಬ್ಯಾಸಗಿ ಶುರು ಆದಂಗೇ. ಹಗಲೆಲ್ಲಾ ಕಾದ ತಗಡು ಏಳೂವರಿತನಕ ಆರಂಗಿಲ್ಲ, ಸಂಜಿ ಆಟದ ಮೊದಲ ಅರ್ಧ ಬೆವರಿನಾಗೇ ಹೋಗ್ತದ. ರಾತ್ರಿ ಆಟ ತಂಪು, ಆದ್ರ ಹೊರಗ ಬರೂದು ಒಂದು ಗಂಟಿ ಹತ್ರ. ಹುಡುಗನ ಸಲುವಾಗಿ ಸಂಜಿ ಆಟಕ್ಕೇ ಹೋಗ್ರಿ, ನೀರು, ಬೀಸಣಿಕಿ ಇರ್ಲಿ.

‘ರಕ್ತರಾತ್ರಿ’ ಕೇಳಿರಬೇಕು ನೀವು, ಕಂದಗಲ್ ಹನುಮಂತರಾಯರದ್ದು. ನಮ್ಮ ಕಡೆ ಹಳ್ಳಿ ಹಳ್ಳ್ಯಾಗ ಆಡ್ತಾರ. ಕಥಿ ಅತ್ತಿಯವರಿಗೆ ಗೊತ್ತೇ ಇರ್ತದ, ಅಶ್ವತ್ಥಾಮ ಮಲಗಿದ್ದ ಉಪಪಾಂಡವರನ್ನ ಕೊಲ್ಲೂದು. ಆದ್ರ ಹಳ್ಳ್ಯಾಗ ಅದು ರಾತ್ರಿ ಹತ್ತಕ್ಕ ಶುರು ಆದ್ರ ನಸಿಕಿನತನಕ ನಡೀತದ. ಮಾತು ಗ್ರಾಂಥಿಕ, ಒಂದೊಂದು ಪಾತ್ರ ಪ್ರವೇಶಕ್ಕ ಎರಡು ಹಾಡು. ಅದನ್ನ ಎರಡನೇ ವರ್ಷಕ್ಕ ಇಟಗೋರಿ.

ಸೈಡ್ ವಿಂಗ್:

ಕಥೆ ಗೊತ್ತಿರಬೇಕು ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದೊಂದೇ ಸಾಲದು. ಹೊಸಬರಿಗೆ ರಂಗದ ಮೇಲೆ ಒಬ್ಬ ಜೊತೆಗಾರ ಬೇಕು: ನೇರವಾಗಿ ಪ್ರೇಕ್ಷಕರ ಕಡೆ ತಿರುಗಿ, ಈಗ ಏನಾಗುತ್ತಿದೆ, ಮುಂದೆ ಯಾರು ಬರುತ್ತಾರೆ ಎಂದು ಹೇಳುವವನು. ಹೊಸ ಕಾಲದ ಕನ್ನಡ ನಾಟಕಗಳಲ್ಲಿ ಅಂಥ ಜೊತೆಗಾರ ಇರುವ ನಾಟಕ ಆರಿಸಿಕೊಂಡರೆ ಕಂಪನಿ ನಾಟಕ ನೋಡದೆಯೂ ನೇರ ರಂಗಮಂದಿರಕ್ಕೆ ಬರಬಹುದು. ನನ್ನ ಆಯ್ಕೆ ಗಿರೀಶ ಕಾರ್ನಾಡರ ‘ಹಯವದನ’.

1971ರ ನಾಟಕ, ಆದರೆ ಇಂದಿಗೂ ಹೊಸಬರಿಗೆ ಇದಕ್ಕಿಂತ ಸುಲಭದ ಬಾಗಿಲು ಕಾಣೆ. ಗಣಪತಿ ಪೂಜೆಯಿಂದ ಶುರು. ಕಥೆ ಹೇಳುವ ಭಾಗವತ ಬಂದು ಇಬ್ಬರು ಗೆಳೆಯರನ್ನು ಪರಿಚಯ ಮಾಡಿಸುತ್ತಾನೆ: ದೇವದತ್ತನಿಗೆ ಬುದ್ಧಿ, ಕಪಿಲನಿಗೆ ಮೈಕಟ್ಟು. ನಡುವೆ ಪದ್ಮಿನಿ. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕತ್ತರಿಸಿಕೊಳ್ಳುತ್ತಾರೆ, ಪದ್ಮಿನಿ ಗಡಿಬಿಡಿಯಲ್ಲಿ ತಲೆಗಳನ್ನು ಅದಲು ಬದಲು ಜೋಡಿಸುತ್ತಾಳೆ. ಹೀಗಾದರೆ ಗಂಡ ಯಾರು, ತಲೆಯೋ ದೇಹವೋ? ಆ ಪ್ರಶ್ನೆಯ ಮೇಲೆ ಮೊದಲ ಅಂಕ ಮುಗಿಯುತ್ತದೆ. ವಿರಾಮದಲ್ಲಿ ಚಹಾ ಕುಡಿಯುತ್ತ ನಿಮ್ಮ ಮನೆಯವರು, ಅತ್ತೆಯವರು, ನಾದಿನಿ ಮೂವರೂ ಮೂರು ಉತ್ತರ ಹೇಳದಿದ್ದರೆ ಕೇಳಿ. ನಾಟಕ ಹಿಡಿಸಿತೋ ಇಲ್ಲವೋ ಎಂಬುದು ಆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಅದರ ಅರ್ಧಪರದೆಯನ್ನು ಹುಡುಗನಿಗೆ ತೋರಿಸಿ. ಇಬ್ಬರು ಒಂದು ಬಟ್ಟೆಯನ್ನು ಎದೆಮಟ್ಟಕ್ಕೆ ಹಿಡಿದು ನಿಲ್ಲುತ್ತಾರೆ, ಯಕ್ಷಗಾನದಿಂದ ಬಂದ ಪದ್ಧತಿ. ಅದು ಕೆಳಗಿಳಿದಾಗ ಕಾಳಿ ಎರಡೂ ಕೈ ಚಾಚಿ, ಬಾಯಿ ಅಗಲ ತೆರೆದು ನಿಂತಿರುತ್ತಾಳೆ. ಸಭೆ ಒಂದು ಕ್ಷಣ ಬೆಚ್ಚುತ್ತದೆ. ಮರುಕ್ಷಣ ದೇವಿ ಕೈ ಇಳಿಸಿ ಬಾಯಿ ಮುಚ್ಚುತ್ತಾಳೆ: ಆಕಳಿಕೆ! ಭಯ ಮತ್ತು ನಗು ಎರಡು ಉಸಿರಿನ ಅಂತರದಲ್ಲಿ ಬರುವ ಈ ಜಾಗ ರಂಗದ ಮೇಲೆ ಮಾತ್ರ ಸಾಧ್ಯ. ಈ ಸಮಯ ತಪ್ಪಿದ ಪ್ರಯೋಗಗಳೂ ಇವೆ. ಬಟ್ಟೆ ಬೇಗ ಇಳಿಸಿದರೆ ಭಯ ಹುಟ್ಟುವುದಿಲ್ಲ, ಕಾಳಿ ತಡ ಮಾಡಿದರೆ ನಗು ಸತ್ತುಹೋಗುತ್ತದೆ.

‘ನಾಗಮಂಡಲ’ (1988) ಎರಡನೆಯ ಆಯ್ಕೆ. 1997ರ ಸಿನಿಮಾ ಬಹಳ ಜನ ನೋಡಿರುವುದರಿಂದ ಕಥೆ ಗೊತ್ತು ಎನ್ನುವ ಅನುಕೂಲವಿದೆ. ನಾಟಕದ ಆರಂಭ ಸುಂದರ: ಪಾಳು ಗುಡಿಯಲ್ಲಿ ಒಬ್ಬ ನಾಟಕಕಾರ, ತನ್ನ ನಾಟಕಗಳಿಂದ ಜನರನ್ನು ನಿದ್ದೆ ಹೋಗಿಸಿದ ಶಾಪಕ್ಕೆ ಒಂದು ರಾತ್ರಿ ಪೂರ್ತಿ ಎಚ್ಚರ ಇರಬೇಕು, ಇಲ್ಲವೇ ಸಾಯಬೇಕು. ಊರಿನ ಮನೆಗಳ ದೀಪದ ಜ್ಯೋತಿಗಳು ಅಲ್ಲಿ ಸೇರಿ ಹರಟೆ ಹೊಡೆಯುತ್ತವೆ. ದೊಡ್ಡವರಿಗೆ ಚೆನ್ನ. 9 ವರ್ಷದ ಹುಡುಗನಿಗೆ ರಾತ್ರಿಯ ನಾಗ, ಹಗಲಿನ ಗಂಡ ಎಂಬ ಎಳೆ ಬಿಡಿಸಿ ಹೇಳುವುದು ನಿಮಗೇ ಕಷ್ಟ. ಕಂಬಾರರ ‘ಜೋಕುಮಾರಸ್ವಾಮಿ’ಯೂ ಹಾಗೆಯೇ. ಭಾಷೆ ನಮ್ಮದು, ಜೋಕುಮಾರನ ಹಬ್ಬವೂ ನಮಗೆ ಗೊತ್ತಿರುವುದೇ, ಹಾಡು ಕಿವಿಯಲ್ಲಿ ಉಳಿಯುತ್ತವೆ, ಆದರೆ ಮಗುವನ್ನು ಬಿಟ್ಟು ಬನ್ನಿ.

‘ತುಘಲಕ್’ ಬೇಡ, ಈಗಲೇ ಬೇಡ. ದೊಡ್ಡ ನಾಟಕ ನಿಜ. 13 ದೃಶ್ಯ, ಉದ್ದುದ್ದ ಮಾತು, ದರ್ಬಾರಿನ ತುಂಬ ಹೆಸರುಗಳು. ಹೊಸಬರು ನಾಲ್ಕನೆಯ ದೃಶ್ಯಕ್ಕೇ ದಾರಿ ತಪ್ಪುತ್ತಾರೆ. ಹೇಳಲೇಬೇಕಾದ ಒಂದು ಮಾತಿದೆ: ಇದು ಕಲಬುರಗಿಯವರ ಮನೆ ಬಾಗಿಲಿನ ಇತಿಹಾಸ. ತುಘಲಕ್ ದೆಹಲಿಯಿಂದ ಜನರನ್ನು ಸಾಗಿಸಿದ ದೌಲತಾಬಾದಿನಲ್ಲೇ ಅವನ ವಿರುದ್ಧ ದಂಗೆ ಎದ್ದು, 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ರಾಜಧಾನಿ ನಮ್ಮ ಊರಿಗೆ ಬಂತು. ಎರಡು ಮೂರು ನಾಟಕ ನೋಡಿದ ಮೇಲೆ, ಒಂದು ಸಂಜೆ ಕೋಟೆಯೊಳಗೆ ಅಡ್ಡಾಡಿ ಬಂದು ‘ತುಘಲಕ್’ ನೋಡಿ. ನಾಟಕ ಮುಗಿದ ಜಾಗದಿಂದ ನಿಮ್ಮ ಊರು ಶುರುವಾಗುತ್ತದೆ.

ಹೊಸಬರು ದಾರಿ ತಪ್ಪುತ್ತಾರೆ ಎಂಬ ಕಾರಣಕ್ಕೇ ಚಂದ್ರಕಾಂತ ಕುಸನೂರರ ‘ಆನಿ ಬಂತ್ಯಾನಿ’ಯಂಥ ಅಸಂಗತ ನಾಟಕಗಳೂ ಆಮೇಲೆ. ನಮ್ಮದೇ ನೆಲದ ಲೇಖಕ ಎಂಬ ಅಭಿಮಾನದಿಂದ ಕೆಲವರು ಮೊದಲು ಅದಕ್ಕೇ ಕರೆದೊಯ್ಯುತ್ತಾರೆ. ಕಥೆಯೇ ಬೇಕೆಂದು ಬಂದವರಿಗೆ ಕಥೆಯನ್ನು ಬೇಕೆಂದೇ ಒಡೆಯುವ ನಾಟಕ ತೋರಿಸಿದರೆ ತಪ್ಪು ಅವರದ್ದಲ್ಲ.

ಈಗ ವಿಚಾರಿಸಬೇಕಾದ ಸಂಗತಿ. ಆಮಂತ್ರಣ ಪತ್ರಿಕೆಯಲ್ಲಿ ಎರಡು ಸಮಯ ಇವೆಯೇ ನೋಡಿ. ಉಚಿತ ಪ್ರದರ್ಶನಗಳಲ್ಲಿ ಮೊದಲು ಉದ್ಘಾಟನಾ ಸಮಾರಂಭ ಇರುತ್ತದೆ: ಸ್ವಾಗತ, ದೀಪ, ಸನ್ಮಾನ, ಅಧ್ಯಕ್ಷರ ನುಡಿ. ಸಂಜೆ 5.30 ಎಂದು ಅಚ್ಚಾಗಿದ್ದರೆ ನಾಟಕ ಏಳಕ್ಕೋ ಏಳೂವರೆಗೋ. ಅತ್ತೆಯವರ ಎರಡು ತಾಸು ಭಾಷಣದಲ್ಲೇ ಖರ್ಚಾಗಿಬಿಡುತ್ತದೆ. ಸಂಘಟಕರಿಗೆ ಫೋನ್ ಮಾಡಿ ‘ಮೂರನೇ ಗಂಟೆ ಎಷ್ಟಕ್ಕೆ ಹೊಡೀತೀರಿ’ ಎಂದು ಕೇಳಿ, ನಾಟಕ ನಿಜವಾಗಿ ಶುರುವಾಗುವುದು ಆ ಗಂಟೆಗೆ. ವಿರಾಮ ಇದೆಯೇ ಎಂದೂ ಕೇಳಿ. ಈಗಿನ ಹಲವು ನಾಟಕಗಳು 90 ನಿಮಿಷ, ವಿರಾಮವಿಲ್ಲದೆ ಆಡುತ್ತವೆ. ಮೊಣಕಾಲು ನೋವಿನವರಿಗೆ ವಿರಾಮವಿಲ್ಲದ 90 ನಿಮಿಷಕ್ಕಿಂತ ವಿರಾಮವಿರುವ 130 ನಿಮಿಷ ಹಗುರ.

ರಂಗಮಂದಿರದಲ್ಲಿ ಮೊದಲ ಸಾಲು ಗಣ್ಯರಿಗೆ ಮೀಸಲು, ಇರದಿದ್ದರೂ ನಿಮಗೆ ಬೇಡ. ರಂಗ ಎತ್ತರದಲ್ಲಿರುವುದರಿಂದ ಅಲ್ಲಿ ಕೂತರೆ ನಟರ ಪಾದ ಕಾಣುವುದಿಲ್ಲ, ಕುತ್ತಿಗೆ ನೋಯುತ್ತದೆ. ಐದರಿಂದ ಒಂಬತ್ತನೆಯ ಸಾಲು ಸರಿ, ಅತ್ತೆಯವರಿಗೆ ನಡುದಾರಿಯ ಅಂಚಿನ ಕುರ್ಚಿ, ಕಾಲು ಚಾಚಬಹುದು. ಮೈಕ್ ಇಲ್ಲದೆ ಆಡುವ ತಂಡವಾದರೆ ಫ್ಯಾನಿನ ಕೆಳಗೆ ಕೂರಬೇಡಿ. ಫ್ಯಾನಿನ ಸದ್ದು ಮಾತಿನ ಕೊನೆಯ ಅಕ್ಷರಗಳನ್ನು ನುಂಗುತ್ತದೆ, ಕೇಳುವವರು ಅರ್ಥವಾಗಲಿಲ್ಲ ಎಂದುಕೊಳ್ಳುತ್ತಾರೆ, ಅಸಲಿಗೆ ಕೇಳಿಸಿಯೇ ಇರುವುದಿಲ್ಲ.

ಯಾವಾಗ ಎಂದರೆ ಚಳಿಗಾಲ. ಹೆಗ್ಗೋಡಿನ ನೀನಾಸಂ ತಂಡದ ತಿರುಗಾಟ (1985ರಿಂದ) ಮತ್ತು ಸಾಣೇಹಳ್ಳಿಯ ಶಿವಸಂಚಾರ (1997ರಿಂದ) ತಮ್ಮದೇ ಬೆಳಕು, ಸೆಟ್ಟು, ನಟರನ್ನು ಕಟ್ಟಿಕೊಂಡು ಊರೂರು ಸುತ್ತುವುದು ಆಗಲೇ. ಈ ಎರಡರದ್ದೂ ಅದೇ ನಾಟಕ ಹತ್ತಾರು ಊರಿನಲ್ಲಿ ಆಡಿ ಪಳಗಿರುತ್ತದೆ. ಮೊದಲ ನಾಟಕಕ್ಕೆ ಮೊದಲ ಪ್ರಯೋಗ ಆರಿಸಬೇಡಿ, ಹತ್ತನೆಯದನ್ನು ಆರಿಸಿ. ಕಲಬುರಗಿ ರಂಗಾಯಣದ ನಾಟಕಗಳಿಗೂ ಇದೇ ಮಾತು.

ಬಿದ್ರಿ ಹೂಜಿ:

ಬೀದರಿನಿಂದ ಬರೀಲಿಕತ್ತೀನಿ. ಕಥಿ ಗೊತ್ತಿರಬೇಕು ಅಂದ್ರ ನಮ್ಮ ಕಡೆ ಮಂದಿಗೆ ಕಲ್ಯಾಣದ ಕಥಿಗಿಂತ ಹೆಚ್ಚು ಗೊತ್ತಿರೂದು ಯಾವುದದ? ಅತ್ತಿಯವರಿಗೆ ಶರಣರ ಕಥಿ ಬಾಯಿಪಾಠ ಅಂತ ನೀವೇ ಬರದೀರಿ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’, ಮೂರೂ ಅದೇ 12ನೇ ಶತಮಾನದ ಕಲ್ಯಾಣದ ಮ್ಯಾಲೆ ಬರದದ್ದು. ಇವುಗಳಾಗ ‘ತಲೆದಂಡ’ ಅತ್ತಿಯವರಿಗೆ ಮೊದಲ ನಾಟಕ ಆಗಬಹುದು ಅಂತ ನನ್ನ ವಾದ.

ಖರೆ, ಪಾತ್ರ ಭಾಳ. ಎಲ್ಲಾರೂ ಧೋತ್ರ, ಶಾಲು, ಹಣಿಮ್ಯಾಲ ವಿಭೂತಿ, ದೂರದಿಂದ ಯಾರು ಯಾರಂತ ತಿಳಿಯಂಗಿಲ್ಲ. ಅದಕ್ಕ ಹೋಗೂ ಮೊದಲ ಐದು ಹೆಸರು ತಲಿಯಾಗ ಇಟಗೊಂಡ್ರ ಸಾಕು. ಬಸವಣ್ಣ, ಬಿಜ್ಜಳ, ಬಿಜ್ಜಳನ ಮಗ ಸೋವಿದೇವ, ಸಿಟ್ಟಿನ ಹರೇದ ಶರಣ ಜಗದೇವ, ರಾಣಿ ರಂಭಾವತಿ. ಉಳಿದವರು ಇವರ ಸುತ್ತ ಬರ್ತಾರ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನ ಅನ್ನೂ ಸುದ್ದಿ ಬಂದ ಕೂಡಲೆ ಅತ್ತಿಯವರು ಸೀಟಿನಾಗ ಮುಂದ ಸರೀತಾರ. ಮುಂದ ಏನಾಗ್ತದ ಅಂತ ಅವರಿಗೆ ಗೊತ್ತು, ರಂಗದ ಮ್ಯಾಲಿನವರಿಗೆ ಗೊತ್ತಿಲ್ಲ. ಆ ಸಂಕಟ ಬಲ್ಲವರಿಗೇ ಸಿಗೂದು.

ಒಂದು ಮಾತ್ರ ಅವರಿಗೆ ಮೊದಲೇ ತಿಳಿಸ್ರಿ. ಇಲ್ಲಿ ಬರೂ ಬಸವಣ್ಣ ಕ್ಯಾಲೆಂಡರಿನ ಬಸವಣ್ಣ ಅಲ್ಲ. ಅನುಮಾನ ಪಡ್ತಾರ, ದುಃಖ ಪಡ್ತಾರ, ತಮ್ಮ ಮಂದಿಯನ್ನ ತಡಿಲಿಕ್ಕ ಆಗದ ನಿಂತುಬಿಡ್ತಾರ. ಏಣಗಿ ಬಾಳಪ್ಪನವರ ‘ಜಗಜ್ಯೋತಿ ಬಸವೇಶ್ವರ’ ಹೆಸರು ಕೇಳಿ ಬೆಳದವರು ಆ ಭಕ್ತಿರಸ ಹುಡುಕಿಕೊಂಡು ಬಂದ್ರ ಮೊದಲ ಅರ್ಧ ತಾಸು ಗೊಂದಲ ಆಗ್ತದ. ಇದನ್ನ ಹೇಳಿ ಕರಕೊಂಡು ಬಂದ್ರ ಏನೂ ತೊಂದರಿ ಇಲ್ಲ. ಇಲ್ಲಿ ಚನ್ನಬಸವ ಪಟ್ಟದ್ದೇವರು ರಂಗಮಂದಿರದಾಗ ಆದ್ರ ಅದೇ ದಿನ ಬೆಳಿಗ್ಗೆ ಬಸವಕಲ್ಯಾಣ ನೋಡಿಕೊಂಡು ಬರ್ರಿ.

ಇನ್ನೊಂದು ದಾರಿ ಯಾರೂ ಹೇಳಿಲ್ಲ. ಮನ್ಯಾಗ ಮರಾಠಿ ತಿಳೀತಿದ್ರ ಸೊಲ್ಲಾಪುರ ರೈಲಿನಾಗ ಎರಡು ತಾಸು. ಅಲ್ಲಿ ಮರಾಠಿ ನಾಟಕ ನಡಿಯೂದು ರೂಢಿ, ಸಂಗೀತ ನಾಟಕದ ಪರಂಪರೆ ದೊಡ್ಡದು. 1880ರಾಗ ‘ಸಂಗೀತ ಶಾಕುಂತಲ’ ಆಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಧಾರವಾಡ ಹತ್ರದ ಗುರ್ಲಹೊಸೂರಿನಾಗ. ನಾಟ್ಯಗೀತ ಅಂದ್ರ ಒಬ್ಬ ನಟ ನಿಂತು ರಾಗ ಬಿಡಿಸಿ ಹಾಡೂದು, ಕಥಿ ಅಲ್ಲೇ ತಡೀತದ. ಗಾಯನದ ಕಿವಿ ಇದ್ದವರಿಗೆ ಹಬ್ಬ, ಇಲ್ಲದವರಿಗೆ ಉದ್ದ ಅನಸ್ತದ.

ಗಂಜ್ ರೋಡ್:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಅತ್ತಿಯವರಿಗೆ ಐದು ಹೆಸರಿನ ಮಾತು ಓದಿ ಹೇಳಿದೆ, ಜಗದೇವ ಯಾರಂತ ಅವರೇ ನನಗ ತಿಳಿಸಿ ಹೇಳಿದ್ರು. ಎರಡು ಪ್ರಶ್ನೆ ಉಳದಾವ. ನಾದಿನಿ ಮುಂಬೈ ಹಟ ಬಿಟ್ಟಿಲ್ಲ, ಇಂಗ್ಲಿಷ್ ಮ್ಯೂಸಿಕಲ್ ಮೊದಲ ಸಲ ನೋಡೋರಿಗೆ ಯಾವುದು? ಮತ್ತ ಬಯಲಾಟದ ಬಗ್ಗೆ ಯಾರೂ ಬರೀಲಿಲ್ಲ. ಹುಡುಗ ಕತ್ತಲಿಗೆ ಅಂಜತಾನ, ಅದನ್ನೂ ಲೆಕ್ಕಕ್ಕ ಹಿಡೀರಿ.

ಎರಡನೇ ಬಾಲ್ಕನಿ:

ನಾದಿನಿಯವರ ಪ್ರಶ್ನೆಗೆ. ಮುಂಬೈನ ಬಾಂದ್ರಾ-ಕುರ್ಲಾ ಕಡೆಯ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರದ ದೊಡ್ಡ ರಂಗಮಂದಿರ ಸುಮಾರು 2,000 ಆಸನದ್ದು. 2023ರಲ್ಲಿ ‘ಸೌಂಡ್ ಆಫ್ ಮ್ಯೂಸಿಕ್’, ‘ವೆಸ್ಟ್ ಸೈಡ್ ಸ್ಟೋರಿ’, ‘ಮಮ್ಮಾ ಮಿಯಾ’ ಅಲ್ಲಿ ಆಡಿದವು, 2025ರಲ್ಲಿ ‘ಫ್ಯಾಂಟಮ್ ಆಫ್ ದಿ ಒಪೆರಾ’. ಒಂದೊಂದೂ ಕೆಲವು ವಾರ ನಡೆದು ಮುಂದಿನ ದೇಶಕ್ಕೆ ಹೋಗುತ್ತದೆ, ಹಾಗಾಗಿ ಬೇಕಾದಾಗ ಬೇಕಾದದ್ದು ಸಿಗುವುದಿಲ್ಲ. ಬಂದದ್ದರಲ್ಲಿ ಆರಿಸಬೇಕು.

ಆರಿಸುವಾಗ ಮೊದಲು ತಿಳಿಯಬೇಕಾದದ್ದು ಅದರಲ್ಲಿ ಮಾತು ಎಷ್ಟು, ಹಾಡು ಎಷ್ಟು ಎಂದು. ‘ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಮಾತು ನಡೆಯುತ್ತದೆ, ಭಾವ ಉಕ್ಕಿದಾಗ ಹಾಡು ಬರುತ್ತದೆ. ನಮ್ಮ ಸಿನಿಮಾದ ರೂಢಿಯೇ. ಒಂದು ಹಾಡಿನ ಪದ ತಿಳಿಯದಿದ್ದರೂ ಮುಂದಿನ ಮಾತು ಕಥೆಯನ್ನು ಎತ್ತಿಕೊಡುತ್ತದೆ. ‘ಲೆ ಮಿಸರಾಬ್ಲ್’ ಹಾಗಲ್ಲ, ಹೆಚ್ಚುಕಡಿಮೆ ಎಲ್ಲವೂ ಹಾಡಿನಲ್ಲೇ ನಡೆಯುತ್ತದೆ. ಯಾರು ಸತ್ತರು, ಯಾರು ಜೈಲಿನಿಂದ ಬಂದರು ಎಂಬ ಸುದ್ದಿಯೂ ಹಾಡಿನೊಳಗೇ. ಇಂಗ್ಲಿಷ್ ಹಾಡು ಒಂದೇ ಸಲಕ್ಕೆ ಕಿವಿಗೆ ಹಿಡಿಯದವರು ಅಲ್ಲಿ ಕಳೆದುಹೋಗುತ್ತಾರೆ. ‘ಹ್ಯಾಮಿಲ್ಟನ್’ ಇನ್ನೂ ಒಂದು ಹೆಜ್ಜೆ ಮುಂದೆ: ಎರಡೂ ಮುಕ್ಕಾಲು ತಾಸಿನಲ್ಲಿ ಸುಮಾರು 20 ಸಾವಿರ ಪದ, ಅದೂ ರ್‍ಯಾಪ್ ವೇಗದಲ್ಲಿ. ಅದರ ರಂಗಪ್ರಯೋಗವನ್ನೇ ಚಿತ್ರೀಕರಿಸಿ 2020ರಲ್ಲಿ ಡಿಸ್ನಿಯವರು ಬಿಡುಗಡೆ ಮಾಡಿದರು. ನಾದಿನಿಯವರು ಮನೆಯಲ್ಲೇ ತೆರೆಯ ಕೆಳಗಿನ ಅಕ್ಷರ ಓದುತ್ತ ನೋಡಬಹುದು.

ಹೊಸಬರಿಗೆ, ಅದೂ ಮನೆಮಂದಿ ಜೊತೆಗೆ ಹೋಗುವುದಾದರೆ, ನನ್ನ ಕ್ರಮ ಹೀಗೆ. ಹಾಡು ಮೊದಲೇ ಗೊತ್ತಿರುವುದಕ್ಕೆ ಹೋಗಿ, ಹೊಸ ಹಾಡಿನದಕ್ಕೆ ಬೇಡ. ‘ಮಮ್ಮಾ ಮಿಯಾ’ದ ಹಾಡೆಲ್ಲ ಆಬ್ಬಾ ತಂಡದ ಹಳೆಯ ಹಾಡುಗಳು, ಕಥೆ ಹಗುರ. ‘ಫ್ಯಾಂಟಮ್’ನಲ್ಲಿ ಮೊದಲ ಅಂಕದ ಕೊನೆಗೆ ದೊಡ್ಡ ತೂಗುದೀಪ ಬೀಳುತ್ತದೆ, ಕತ್ತಲಿಗೆ ಹೆದರುವ ಹುಡುಗನಿಗೆ ಅದು ಬೇಡ. ಹೋಗುವ ಮೊದಲು ಮೂರೋ ನಾಲ್ಕೋ ಹಾಡು ಕೇಳಿಸಿ, ಪೂರ್ತಿ ಕೇಳಿಸಬೇಡಿ. ಗುರುತಿನ ಹಾಡು ಬಂದಾಗ ಕಿವಿ ನಿಮಿರಬೇಕು, ಉಳಿದದ್ದು ಹೊಸದಾಗಿ ಬರಬೇಕು.

ಖರ್ಚು ಉಳಿಸಲು ಶನಿವಾರ, ಭಾನುವಾರದ ಮಧ್ಯಾಹ್ನದ ಆಟ ಹಿಡಿಯಿರಿ. ರಾತ್ರಿ ರೈಲಿಗೆ ಹೊರಟು ಬೆಳಿಗ್ಗೆ ಇಳಿದು, ಆಟ ನೋಡಿ, ಮತ್ತೆ ರಾತ್ರಿ ರೈಲಿಗೆ ಕಲಬುರಗಿ. ಒಂದು ಲಾಡ್ಜ್ ಬಾಡಿಗೆ ಉಳಿಯುತ್ತದೆ. ಆದರೆ ರೈಲು ತಡವಾಗಿ, ನಾಟಕ ಶುರುವಾದ ಮೇಲೆ ತಲುಪಿದರೆ ಹಾಡು ಮುಗಿಯುವವರೆಗೆ ಬಾಗಿಲ ಹೊರಗೇ ನಿಲ್ಲಿಸುತ್ತಾರೆ, ನಾಲ್ಕು ತಾಸಿನ ಅಂತರ ಇಟ್ಟುಕೊಳ್ಳಿ. ಮೇಲಿನ ಬಾಲ್ಕನಿ ಅಗ್ಗ, ನೃತ್ಯದ ವಿನ್ಯಾಸ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಬಾಲ್ಕನಿಯ ಮೊದಲ ಸಾಲು ಮಾತ್ರ ಬೇಡ, ಕುಳ್ಳಗಿನವರ ಕಣ್ಣಿಗೆ ಸರಿಯಾಗಿ ಕಟಾಂಜನ ಅಡ್ಡ ಬರುತ್ತದೆ.

ಅವರಿಗೆ ಇನ್ನೂ ಒಂದು ವಿಷಯ ಹೇಳಿ. ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ ಕನ್ನಡದಲ್ಲೂ ಇದೆ, ಪು.ತಿ.ನ. ಅವರ ‘ಗೋಕುಲ ನಿರ್ಗಮನ’. ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದರು. ಜಿ.ಬಿ. ಜೋಶಿಯವರ ‘ಸತ್ತವರ ನೆರಳು’ ನಾಟಕದಲ್ಲಿ ಮಠದ ರಾಜಕೀಯದ ಕಥೆಗೆ ಅದೇ ಕಾರಂತರು ಪುರಂದರದಾಸರ ಪದಗಳನ್ನು ಹೆಣೆದರು. ಇಂಗ್ಲಿಷ್ ಮ್ಯೂಸಿಕಲ್ ಪ್ರೀತಿಸುವ ಹುಡುಗಿ ಇವೆರಡನ್ನು ನೋಡದೆ ಇರಬಾರದು.

ಮಲಗಿದ ಬುದ್ಧ:

ಶಹಾಪುರ ಕಡೆಯಿಂದ ಬಯಲಾಟದ ಮಾತು ನಾ ಹೇಳ್ತೀನಿ. ದೊಡ್ಡಾಟ, ಸಣ್ಣಾಟ ಎರಡೂ ಬ್ಯಾರೆ ಬ್ಯಾರೆ. ದೊಡ್ಡಾಟದಾಗ ಯುದ್ಧ, ವೀರ, ಕಟ್ಟಿಗಿ ಕಿರೀಟ, ಭುಜಕೀರ್ತಿ, ಹಲಿಗಿ ಬಿಚ್ಚಿ ಹೋಗೂ ಹಂಗ ಕುಣಿತ. ಸಣ್ಣಾಟದಾಗ ಮನಿ ಮಾತು, ಹಾಡು, ಹಗುರ ವೇಷ. ನಿಮ್ಮ ಮನಿ ಮಂದಿಗೆ ಸಣ್ಣಾಟ, ಅದರಾಗೂ ‘ಶ್ರೀಕೃಷ್ಣ ಪಾರಿಜಾತ’. ಒಂದು ಹೂವಿನ ಸಲುವಾಗಿ ರುಕ್ಮಿಣಿ, ಸತ್ಯಭಾಮಾ ನಡುವ ಹುಟ್ಟಿದ ಮುನಿಸು, ಇಷ್ಟೇ ಕಥಿ. ಅತ್ತಿಗೂ ತಿಳೀತದ, ಹುಡುಗನಿಗೂ ತಿಳೀತದ. ‘ಸಂಗ್ಯಾ ಬಾಳ್ಯಾ’ನೂ ಸಣ್ಣಾಟವೇ, ಹಾಡು ಬಂಗಾರ, ಆದ್ರ ಪರಹೆಣ್ಣಿನ ಕಥಿ, ಕೊಲಿಯಿಂದ ಮುಗೀತದ, ಹುಡುಗನ ಮುಂದ ಬ್ಯಾಡ.

ಸೈಡ್ ವಿಂಗ್ ಅವರು ಜೊತೆಗಾರ ಬೇಕು ಅಂದ್ರಲ್ಲ, ಪಾರಿಜಾತದಾಗ ಭಾಗವತ ಅದೇ ಕೆಲಸ ಮಾಡ್ತಾನ. ಪಾತ್ರ ಬಂದು ನಿಂತ ಕೂಡಲೆ “ತಾವು ಯಾರು, ಎಲ್ಲಿಂದ ಬಂದ್ರಿ, ಯಾಕ ಬಂದ್ರಿ” ಅಂತ ಕೇಳ್ತಾನ, ಪಾತ್ರ ತನ್ನ ಪರಿಚಯ ತಾನೇ ಹೇಳ್ತದ. ನಡುವ ಸತ್ಯಭಾಮಾಗೂ ಚಾಷ್ಟಿ ಮಾಡ್ತಾನ. ದೊಡ್ಡಾಟದಾಗ ಸಾರಥಿ ಇದೇ ಪ್ರಶ್ನಿ ಕೇಳ್ತಾನ. ಹೊಸಬರಿಗೆ ಇದಕ್ಕಿಂತ ಅನುಕೂಲ ಯಾವ ರಂಗಮಂದಿರದಾಗೂ ಸಿಗಂಗಿಲ್ಲ.

ಕತ್ತಲದ್ದು ಹೇಳ್ತೀನಿ. ಬಯಲಾಟದಾಗ ರಂಗಮಂದಿರದ ಹಂಗ ಒಮ್ಮೆಲೇ ದೀಪ ಆರಸಂಗಿಲ್ಲ, ಮಂದಿ ಮ್ಯಾಲೂ ಬೆಳಕು ಇರ್ತದ, ಹುಡುಗ ಅಂಜಂಗಿಲ್ಲ. ಅಂಜತಿದ್ರ ಅದು ವೇಷಕ್ಕ, ಗದ್ದಲಕ್ಕ. ಅದಕ್ಕೊಂದು ಉಪಾಯ ಅದ. ಆಟ ಶುರು ಆಗೂಕಿಂತ ಒಂದು ತಾಸು ಮೊದಲ ಹೋಗಿ, ಹಿರಿಯರನ್ನ ಕೇಳಿ, ಬಣ್ಣ ಹಚ್ಚೂ ಜಾಗಕ್ಕ ಹುಡುಗನನ್ನ ಕರಕೊಂಡು ಹೋಗ್ರಿ. ಬನೀನಿನ ಮ್ಯಾಲ ಕುಂತು ಚಹಾ ಕುಡಕೋತ ಮುಖಕ್ಕ ಅರದಾಳ ಹಳದಿ ಹಚ್ಚಿಸ್ಕೊಳ್ಳೂ ಮನುಷ್ಯನೇ ಆಮ್ಯಾಲ ರಾಕ್ಷಸ ಆಗಿ ಬರ್ತಾನ ಅಂತ ಕಣ್ಣಾರೆ ಕಂಡ್ರ ಅಂಜಿಕಿ ಹೋಗಿ, ಅವ ಯಾವಾಗ ಬರ್ತಾನ ಅಂತ ಕಾಯ್ತಾನ.

ರಾತ್ರಿ ಹತ್ತಕ್ಕ ಅಂದ್ರೂ ಗಣಪತಿ ಸ್ತುತಿ, ಪೀಠಿಕಿ ಎಲ್ಲಾ ಆಗಿ ಕಥಿ ಹತ್ತೂದು ಹನ್ನೊಂದರ ಸುಮಾರಿಗೆ. ಅತ್ತಿಯವರು ಅಷ್ಟೊತ್ತಿಗೆ ಬಂದ್ರ ನಡೀತದ. ನೆಲದ ಮ್ಯಾಲ ಚಾಪಿ ಹಾಸೂದು ರೂಢಿ, ಅವರ ಸಲುವಾಗಿ ಒಂದು ಕುರ್ಚಿ ನೀವೇ ಒಯ್ರಿ, ಹಿಂದಿನವರಿಗೆ ಅಡ್ಡ ಆಗದಂಗ ಗ್ವಾಡಿ ಬದಿಗೆ ಹಾಕ್ರಿ. ಮುಂಜಾನಿತನಕ ಕುಂದ್ರಬೇಕು ಅಂತಿಲ್ಲ. ಬಯಲಾಟದ ನಡುವ ಎದ್ದು ಹೋದ್ರ ಯಾರೂ ತಪ್ಪು ತಿಳಿಯಂಗಿಲ್ಲ, ಹಾಡು ಮುಗಿದ ಮ್ಯಾಲ ಎದ್ರ ಆತು. ಹೋಗೂ ಬಸ್ಸು ಇರ್ತಾವ, ಬರೂ ಬಸ್ಸು ನಸಿಕಿಗೆ. ಗಾಡಿ ಮೊದಲೇ ಹೇಳಿಡ್ರಿ.

ಕಾಲಪೆಟಿಗಿ:

ಸೈಡ್ ವಿಂಗ್ ಅವರ ಒಂದು ಮಾತಿಗೆ ಜೋಡಿಸ್ತೀನಿ. ಹತ್ತನೇ ಪ್ರಯೋಗ ಆರಿಸ್ರಿ ಅಂದ್ರು, ಕಂಪನಿ ನಾಟಕಕ್ಕೂ ಅದು ಖರೆ. ಕ್ಯಾಂಪು ಹಾಕಿದ ಮೊದಲ ಎರಡು ದಿನ ಮೈಕ್ ಕುಂದ್ರಿರಂಗಿಲ್ಲ, ಕೀಂಯ್ ಅಂತ ಕೂಗ್ತಾವ. ತೇರಿನ ದಿನ ಮಂದಿ ಜಾಸ್ತಿ ಅಂತ ಹೆಚ್ಚಿನ ಆಟ ಹಿಡೀತಾರ, ಆಟಕ್ಕಾಟಕ್ಕ ಹೊತ್ತು ಸಾಲದ ಸೀನು ಕತ್ತರಸ್ತಾರ, ಕಲಾವಿದರ ಧ್ವನಿನೂ ಬಿದ್ದಿರ್ತದ. ತೇರಾಗಿ ಒಂದು ವಾರ ಬಿಟ್ಟು, ಸೋಮವಾರವೋ ಮಂಗಳವಾರವೋ ಸಂಜಿ ಆಟಕ್ಕ ಹೋಗ್ರಿ. ಗದ್ದಲ ಇಳದಿರ್ತದ, ಪೆಟಿಗಿ ಮಾಸ್ತರು ಮನಸಿಟ್ಟು ಬಾರಸ್ತಾರ, ನಾಲ್ಕನೇ ಸಾಲಿನ ನಡುವಿನ ಕುರ್ಚಿ ತಾನೇ ಖಾಲಿ ಸಿಗ್ತದ.